ಲಾಕಪ್‌ನಲ್ಲಿ ಹೊಡೆದರೆ ಪೇದೆ ಸಸ್ಪೆಂಡ್, ಮಂತ್ರಿ ಯಾಕೆ ಉತ್ತರ ಕೊಡುವುದಿಲ್ಲ?

ಟಿಳಕವಾಡಿ_ಸವಿತಾ (ಬೆಳಗಾವಿ):

ನಾನು ಬೆಳಗಾವಿಯಲ್ಲಿ ಲಾ ಓದುತ್ತಿದ್ದೇನೆ. ಹೋದ ವಾರ ಕ್ಲಾಸಿನಲ್ಲಿ ಬಿ.ಎ. ಉಮೇಶ್ ಪ್ರಕರಣ ಬಂತು. ಅತ್ಯಾಚಾರ, ಕೊಲೆ ಕೇಸ್‌ನಲ್ಲಿ ಗಲ್ಲು ಶಿಕ್ಷೆ ಆದವನು. 2006ರಲ್ಲಿ ನಮ್ಮ ಹಿಂಡಲಗಾ ಜೈಲಿಗೆ ತಂದು 2016ರವರೆಗೆ ಒಂಟಿ ಸೆಲ್‌ನಲ್ಲಿ ಇಟ್ಟರು. ಹತ್ತು ವರ್ಷ! ಹೀಗೆ ಜೈಲಿನವರು ತಾವಾಗಿಯೇ ಒಬ್ಬಂಟಿ ಮಾಡಿ ಕೂಡಿಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1978ರಲ್ಲೇ ಸುನಿಲ್ ಬಾತ್ರಾ ಕೇಸ್‌ನಲ್ಲಿ ಹೇಳಿತ್ತು. ಆದರೂ ಇಟ್ಟರು. ಕೊನೆಗೆ 2022ರ ನವೆಂಬರ್ 4ರಂದು ಅದೇ ಸುಪ್ರೀಂ ಕೋರ್ಟ್ ಈ ಕಾರಣಕ್ಕೇ ಗಲ್ಲನ್ನು ಜೀವಾವಧಿಗೆ ಇಳಿಸಿತು, ಕನಿಷ್ಠ 30 ವರ್ಷ ಒಳಗೇ ಇರಬೇಕು ಅಂತ ಸೇರಿಸಿ.

ಅವನು ಮಾಡಿದ್ದು ಕ್ಷಮಿಸುವಂಥದ್ದಲ್ಲ, ಅದನ್ನು ಇಲ್ಲಿ ಚರ್ಚೆ ಮಾಡಬೇಡಿ. ನನ್ನ ಪ್ರಶ್ನೆ ಬೇರೆ. ಸರ್ಕಾರ ಹತ್ತು ವರ್ಷ ಕಾನೂನು ಮುರಿದಿದೆ ಅಂತ ದೇಶದ ದೊಡ್ಡ ಕೋರ್ಟೇ ಹೇಳಿದ ಮೇಲೆ, ಅದಕ್ಕೆ ಯಾರು ಉತ್ತರ ಕೊಟ್ಟರು? ಆ ಹತ್ತು ವರ್ಷದಲ್ಲಿ ಜೆಡಿಎಸ್, ಬಿಜೆಪಿ, ಕಾಂಗ್ರೆಸ್ ಮೂರೂ ಅಧಿಕಾರದಲ್ಲಿದ್ದವು. ಊರಿನ ಆ ಕಡೆ ಹಿಂಡಲಗಾ, ಈ ಕಡೆ ಹಲಗಾದಲ್ಲಿ ಸುವರ್ಣಸೌಧ. ಚಳಿಗಾಲದ ಅಧಿವೇಶನಕ್ಕೆ ಇಡೀ ಸರ್ಕಾರವೇ ನಮ್ಮೂರಿಗೆ ಬರುತ್ತೆ. ಕಬ್ಬಿನ ದರ ಕೇಳುತ್ತಾರೆ, ಮಹದಾಯಿ ಕೇಳುತ್ತಾರೆ, ಕೇಳಲೇಬೇಕು. ಕಸ್ಟಡಿಯಲ್ಲಿ ಹೊಡೆತ ತಿಂದವರ ಬಗ್ಗೆ ಕೇಳಿದ್ದನ್ನು ಯಾರಾದರೂ ನೋಡಿದ್ದೀರಾ? ಎಲ್ಲಾದರೂ ಲಾಕಪ್ ಡೆತ್ ಆದರೆ ಎರಡು ದಿನ ಗಲಾಟೆ, ಒಬ್ಬ ಪಿಎಸ್‌ಐ, ಇಬ್ಬರು ಪೇದೆಗಳು ಸಸ್ಪೆಂಡ್, ಮನೆಯವರಿಗೆ ಒಂದಿಷ್ಟು ಪರಿಹಾರ, ಮುಗೀತು. ಗೃಹಮಂತ್ರಿವರೆಗೆ ಹೊಣೆ ಹೋಗುವ ದಾರಿ ನಮ್ಮ ಕಾನೂನಿನಲ್ಲಿ, ರಾಜಕೀಯದಲ್ಲಿ ಇದೆಯಾ ಇಲ್ವಾ? ಗೊತ್ತಿದ್ದವರು ಹೇಳಿ.

ವಕೀಲ_ನವನಗರ (ಬಾಗಲಕೋಟೆ):

ಸವಿತಾ ಅವರೇ, ದಾರಿ ಇದೆ, ಆದರೆ ಅದರ ಬಾಗಿಲ ಕೀಲಿ ಸರ್ಕಾರದ ಕೈಯಲ್ಲೇ ಇದೆ.

ತಪ್ಪೊಪ್ಪಿಗೆ ಹೇಳಿಸಲು ಹೊಡೆಯುವುದು ಮೊದಲಿಂದಲೂ ಅಪರಾಧ. ಹಳೆ ದಂಡ ಸಂಹಿತೆ ಐಪಿಸಿಯ 330, 331ನೇ ಸೆಕ್ಷನ್. ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ನ 120, ಗಾಯ ಆದರೆ ಏಳು ವರ್ಷದವರೆಗೆ, ತೀವ್ರ ಗಾಯ ಆದರೆ ಹತ್ತು ವರ್ಷದವರೆಗೆ ಶಿಕ್ಷೆ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಸಾಕ್ಷ್ಯವೂ ಅಲ್ಲ. ಆದರೂ ಹೊಡೆಯುತ್ತಾರೆ. ಯಾಕೆಂದರೆ ಆ ತಪ್ಪೊಪ್ಪಿಗೆಯಿಂದ ಒಂದು ವಸ್ತು ಸಿಕ್ಕರೆ, ಅಂದರೆ ಬಂಗಾರವೋ ಚಾಕುವೋ ಬೈಕೋ ಸಿಕ್ಕರೆ, ಅಷ್ಟು ಭಾಗ ಕೋರ್ಟಿನಲ್ಲಿ ನಡೆಯುತ್ತೆ. ಅದಕ್ಕೇ ‘ರಿಕವರಿ’ ಅಂದರೆ ಠಾಣೆಯಲ್ಲಿ ಅಷ್ಟು ಆಸೆ.

ಈಗ ಕೀಲಿ ವಿಚಾರ. ಪೊಲೀಸರ ಮೇಲೆ ಖಾಸಗಿ ದೂರು ಹಾಕಿದಿರಿ ಅಂತ ಇಟ್ಟುಕೊಳ್ಳಿ. ಅವರ ವಕೀಲರು ಮೊದಲು ಎತ್ತುವ ಮಾತೇ ಮಂಜೂರಾತಿ. ಹಳೆ ದಂಡ ಪ್ರಕ್ರಿಯಾ ಸಂಹಿತೆ ಅಂದರೆ ಸಿಆರ್‌ಪಿಸಿಯ 197, ಜೊತೆಗೆ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಸೆಕ್ಷನ್. ಸರ್ಕಾರದ ಒಪ್ಪಿಗೆ ಇಲ್ಲದೆ ಕೇಸ್ ನಡೆಯಲ್ಲ. ನಮ್ಮ ರಾಜ್ಯದ್ದೇ ಒಂದು ಕೇಸ್‌ನಲ್ಲಿ, ಕಸ್ಟಡಿಯಲ್ಲಿ ಹೊಡೆದರು ಅಂತ ದೂರು, 2020ರ ಜೂನ್ 18ರಂದು ಸುಪ್ರೀಂ ಕೋರ್ಟ್ ಇದೇ ಕಾರಣಕ್ಕೆ ದೂರನ್ನು ರದ್ದು ಮಾಡಿತು. ಕರ್ತವ್ಯ ಮಾಡುವಾಗ ಸ್ವಲ್ಪ ಮಿತಿ ಮೀರಿದರೂ ಆ ರಕ್ಷಣೆ ಹೋಗುವುದಿಲ್ಲ ಅಂತ. ಈ ತೀರ್ಪು ನನಗೆ ಇವತ್ತಿಗೂ ಸರಿ ಅನಿಸಿಲ್ಲ. ಸಿಆರ್‌ಪಿಸಿ ಬದಲು ಬಂದ ಹೊಸ ಬಿಎನ್‌ಎಸ್‌ಎಸ್‌ನ 218ರಲ್ಲಿ ಒಂದು ಒಳ್ಳೆಯದು ಆಗಿದೆ, 120 ದಿನದಲ್ಲಿ ಸರ್ಕಾರ ಏನೂ ಹೇಳದಿದ್ದರೆ ಮಂಜೂರಾತಿ ಸಿಕ್ಕ ಹಾಗೆ ಲೆಕ್ಕ. ಆದರೆ ‘ಕೊಡಲ್ಲ’ ಅಂತ ಬರೆದು ಕಳಿಸಿದರೆ ಮತ್ತೆ ಹೈಕೋರ್ಟ್ ಮೆಟ್ಟಿಲು. ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ. ಕೂಲಿ ಮಾಡುವವನು ಎಷ್ಟು ಸಲ ಓಡಾಡುತ್ತಾನೆ ಹೇಳಿ.

ಇನ್ನೊಂದು ಹೇಳಲೇಬೇಕು, ಇದನ್ನು ನೋಡದವರಿಗೆ ಗೊತ್ತಾಗಲ್ಲ. ರಿಮಾಂಡ್‌ಗೆ ತಂದಾಗ ಮ್ಯಾಜಿಸ್ಟ್ರೇಟ್ ಕೇಳುತ್ತಾರೆ, ‘ಪೊಲೀಸರು ಹೊಡೆದಿದ್ದಾರೇನಪ್ಪಾ?’ ಅಂತ. ಆರೋಪಿ ಮೊದಲು ಪಕ್ಕಕ್ಕೆ ನೋಡುತ್ತಾನೆ. ಪಕ್ಕದಲ್ಲಿ ನಿಂತವನು ಹೊಡೆದವನೇ. ಸಂಜೆ ಮತ್ತೆ ಅವನ ಜೊತೆಗೇ ಜೀಪ್ ಹತ್ತಬೇಕು. ‘ಇಲ್ಲ ಸಾಹೇಬ್ರೇ’ ಅನ್ನುತ್ತಾನೆ. ಆ ‘ಇಲ್ಲ’ ಆರ್ಡರ್ ಶೀಟಿನಲ್ಲಿ ಒಂದು ಸಾಲಾಗಿ ಕೂರುತ್ತೆ, ಮುಂದೆ ಎಷ್ಟು ವರ್ಷ ಬಡಿದಾಡಿದರೂ ಅದನ್ನೇ ನಮ್ಮ ಮುಖಕ್ಕೆ ಹಿಡಿಯುತ್ತಾರೆ. ಆಸ್ಪತ್ರೆಯಲ್ಲೂ ಅಷ್ಟೇ. ಸುಪ್ರೀಂ ಕೋರ್ಟಿನ ಡಿ.ಕೆ. ಬಸು ತೀರ್ಪು 1996ರ ಡಿಸೆಂಬರ್‌ನದು, ಕಸ್ಟಡಿಯಲ್ಲಿ ಇರುವವರೆಗೆ 48 ಗಂಟೆಗೊಮ್ಮೆ ವೈದ್ಯರ ತಪಾಸಣೆ ಆಗಬೇಕು ಅಂತಿದೆ. ತಪಾಸಣೆ ಆಗುತ್ತೆ, ಪೊಲೀಸ್ ಅದೇ ಕೋಣೆಯಲ್ಲಿ ನಿಂತಿರುತ್ತಾನೆ, ಅಂಗಿ ಬಿಚ್ಚಿಸುವುದೂ ಇಲ್ಲ, ಅಂಗಾಲು ನೋಡುವುದಂತೂ ದೂರದ ಮಾತು.

ಡೋಣಿ_ಸಾಲು (ವಿಜಯಪುರ):

ಎಲ್ಲ ಸರಿ, ಆದರೆ ಮನೆ ಕಳವಾದವರ ಕಡೆಯಿಂದಲೂ ಸ್ವಲ್ಪ ಯೋಚನೆ ಮಾಡಿ. ನಮ್ಮ ಅಕ್ಕನ ಮದುವೆಗೆ ಅಂತ ಮಾಡಿಸಿದ ಬಂಗಾರ ಹೋಯಿತು. ಪೊಲೀಸರು ಒಬ್ಬನನ್ನು ಹಿಡಿದು ಬಾಯಿ ಬಿಡಿಸಿದರು, ಅರ್ಧ ವಾಪಸ್ ಬಂತು. ಮುದ್ದು ಮಾಡಿ ಕೇಳಿದ್ದರೆ ಹೇಳುತ್ತಿದ್ದನಾ? ಇನ್ನು ಯಾವುದೋ ಠಾಣೆಯಲ್ಲಿ ರಾತ್ರಿ ಎರಡು ಗಂಟೆಗೆ ಒಬ್ಬ ಪೇದೆ ಕೈ ಎತ್ತಿದರೆ ಬೆಂಗಳೂರಿನಲ್ಲಿ ಮಲಗಿರುವ ಮಂತ್ರಿ ಹೇಗೆ ಹೊಣೆ ಆಗುತ್ತಾನೆ? ನಿಜವಾಗಿ ಕೇಳುತ್ತಿದ್ದೇನೆ.

ನಿವೃತ್ತ_ಹವಾಲ್ದಾರ್:

ಡೋಣಿಯವರೇ, ನಾನು ಇಲಾಖೆಯಲ್ಲಿ ಇದ್ದವನು. ಯಾವ ಠಾಣೆ, ಯಾವ ವರ್ಷ ಅಂತ ಬರೆಯುವುದಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಆ ಎರಡು ಗಂಟೆ ರಾತ್ರಿಯಲ್ಲಿ ಇಲ್ಲ, ಅದರ ಹಿಂದಿನ ಸಂಜೆಯಲ್ಲಿ ಇದೆ. ಬಡವರ ಮನೆ ಕಳವಾದರೆ ಯಾರನ್ನೂ ಏರೋಪ್ಲೇನ್ ಹತ್ತಿಸುವುದಿಲ್ಲ (ಕೈ ಹಿಂದೆ ಕಟ್ಟಿ ನೇತುಹಾಕುವುದಕ್ಕೆ ಹಾಗೆ ಅನ್ನುತ್ತಾರೆ), ಎಫ್‌ಐಆರ್ ಆಗುವುದೇ ಹೆಚ್ಚು. ದೊಡ್ಡವರ ಮನೆ ಕಳವಾದರೆ ಫೋನ್ ಶುರುವಾಗುತ್ತೆ. ಒಂದು ಸಲ ನಮ್ಮ ಠಾಣೆಗೆ ಒಂದೇ ಸಂಜೆ ಮೂರು ಕಡೆಯಿಂದ ಫೋನ್ ಬಂತು, ಬೆಳಗಿನೊಳಗೆ ಡಿಟೆಕ್ಟ್ ಆಗಬೇಕು, ಇಲ್ಲದಿದ್ದರೆ ಸಾಹೇಬರು ಎಲ್ಲಿಗೆ ಹೋಗಬೇಕೋ ಯೋಚನೆ ಮಾಡಲಿ ಅಂತ. ನಮ್ಮ ಸಾಹೇಬರು ಕೆಟ್ಟವರಲ್ಲ. ಮಕ್ಕಳ ಶಾಲೆ ಮಧ್ಯದಲ್ಲಿ ಇತ್ತು, ವರ್ಗಾವಣೆ ಅಂದರೆ ನಡುಗುತ್ತಿದ್ದರು. ಎಂಒಬಿ ಪಟ್ಟಿಯಲ್ಲಿದ್ದ, ಅಂದರೆ ಠಾಣೆಯ ಹಳೆ ಆರೋಪಿಗಳ ಪಟ್ಟಿಯಲ್ಲಿದ್ದ ಒಬ್ಬ ಹುಡುಗನನ್ನು ಎಬ್ಬಿಸಿಕೊಂಡು ಬಂದರು. ಅಂಗಾಲಿಗೆ ಹೊಡೆದರು. ಹೊಡೆದ ಮೇಲೆ ನೀರು ಹಾಕಿದ ನೆಲದ ಮೇಲೆ ಅವನನ್ನು ಕುಣಿಸಿದರು, ಕಾಲು ಊದಬಾರದು ಅಂತ. ನಾನು ಆವತ್ತು ಸೆಂಟ್ರಿ. ಆ ಶಬ್ದ ಕೇಳಿದವರಿಗೆ ಮರೆಯುವುದಿಲ್ಲ, ಹಸಿ ನೆಲದ ಮೇಲೆ ಪಟ್ ಪಟ್ ಅಂತ, ಮಧ್ಯೆ ಮಧ್ಯೆ ‘ಅವ್ವಾ’ ಅಂತ. ಡೈರಿಯಲ್ಲಿ ಬಂಧನ ಮರುದಿನ ಬೆಳಗ್ಗೆ ಅಂತ ಬಂತು. ಹುಡುಗ ಕಳ್ಳ ಅಲ್ಲವೇ ಅಲ್ಲ ಅಂತ ಆಮೇಲೆ ಗೊತ್ತಾಯಿತು, ಬೇರೆ ಜಿಲ್ಲೆಯವರು ಸಿಕ್ಕರು. ಫೋನ್ ಮಾಡಿದವರಲ್ಲಿ ಯಾರೂ ಒಂದು ಕಾಗದದ ಮೇಲೂ ಇಲ್ಲ.

ಪೇದೆಯನ್ನು ಸಸ್ಪೆಂಡ್ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಮಾಡಿ, ಜೈಲಿಗೂ ಹಾಕಿ. ಆದರೆ ಆ ಫೋನ್ ಕರೆಗಳ ಪಟ್ಟಿಯನ್ನೂ ತೆಗೆಸಿ.

ಜಮಖಂಡಿಯವ:

ನಾನು ಈಗ ಅಮೆರಿಕದಲ್ಲಿದ್ದೇನೆ, ಸುಮ್ನೆ ಒಂದು ಹೋಲಿಕೆ ಇರಲಿ ಅಂತ ಬರೆಯುತ್ತಿದ್ದೇನೆ. ಹವಾಲ್ದಾರರು ಹೇಳಿದ್ದೇ ಇಲ್ಲೂ ಆಗಿದೆ. ಒಂದು ವ್ಯತ್ಯಾಸ, ಇಲ್ಲಿ ಕಾಗದ ಇತ್ತು.

2002ರ ಆಗಸ್ಟ್‌ನಲ್ಲಿ ಇಲ್ಲಿನ ನ್ಯಾಯ ಇಲಾಖೆಯ ವಕೀಲರು ಮೆಮೊ ಬರೆದುಕೊಟ್ಟರು, ಮುಖದ ಮೇಲೆ ಬಟ್ಟೆ ಹಾಕಿ ನೀರು ಸುರಿದು ಉಸಿರು ಕಟ್ಟಿಸುವುದು ಕಾನೂನಿನ ಪ್ರಕಾರ ಚಿತ್ರಹಿಂಸೆ ಆಗುವುದಿಲ್ಲ ಅಂತ. ಅದನ್ನು ಹಿಡಿದುಕೊಂಡು ಇಲ್ಲಿನ ಗುಪ್ತಚರ ಸಂಸ್ಥೆ ಸಿಐಎ ಒಬ್ಬನೇ ಕೈದಿಗೆ 183 ಸಲ ಹಾಗೆ ಮಾಡಿತು. 2002ರ ಡಿಸೆಂಬರ್‌ನಲ್ಲಿ ರಕ್ಷಣಾ ಮಂತ್ರಿ ಡೊನಾಲ್ಡ್ ರಮ್ಸ್‌ಫೆಲ್ಡ್ ಗ್ವಾಂಟನಾಮೊ ಸೇನಾ ಜೈಲಿನ ಕೈದಿಗಳ ವಿಚಾರಣೆ ವಿಧಾನಗಳ ಕಾಗದಕ್ಕೆ ಸಹಿ ಹಾಕುವಾಗ ಕೈಬರಹದಲ್ಲಿ ಒಂದು ಟಿಪ್ಪಣಿ ಬರೆದ, ನಾನೇ ದಿನಕ್ಕೆ ಎಂಟು ಹತ್ತು ಗಂಟೆ ನಿಲ್ಲುತ್ತೇನೆ, ಕೈದಿಗಳಿಗೆ ನಾಲ್ಕೇ ಗಂಟೆ ಯಾಕೆ ಅಂತ. ಮಂತ್ರಿಯ ಸ್ವಂತ ಕೈಬರಹ! 2004ರಲ್ಲಿ ಇರಾಕಿನ ಅಬು ಘ್ರೈಬ್ ಜೈಲಿನ ಫೋಟೊಗಳು ಹೊರಬಂದವು, ನೋಡಿದವರಿಗೆ ನೆನಪಿರುತ್ತೆ. ಜೈಲಿಗೆ ಹೋದವರು ಕೆಳಗಿನ ಸೈನಿಕರು, ಒಬ್ಬನಿಗೆ ಹತ್ತು ವರ್ಷ ಶಿಕ್ಷೆ ಆಯಿತು. ರಮ್ಸ್‌ಫೆಲ್ಡ್ 2006ರವರೆಗೆ ಕುರ್ಚಿಯಲ್ಲೇ ಇದ್ದ. ಮೆಮೊಗೆ ಸಹಿ ಹಾಕಿದ ಜೇ ಬೈಬಿ ಫೆಡರಲ್ ಜಡ್ಜ್ ಆದ. ಒಬಾಮಾ ಬಂದ ಮೇಲೆ ಹಿಂದೆ ನೋಡುವುದು ಬೇಡ, ಮುಂದೆ ನೋಡೋಣ ಅಂದುಬಿಟ್ಟ. 2014ರ ಡಿಸೆಂಬರ್‌ನಲ್ಲಿ ಸೆನೆಟ್ ಸಮಿತಿ ವರದಿಯ ಸಾರಾಂಶ ಬಿಡುಗಡೆ ಮಾಡಿ, ಈ ಹಿಂಸೆಯಿಂದ ಉಪಯುಕ್ತ ಮಾಹಿತಿ ಸಿಕ್ಕಿತು ಅನ್ನುವುದೇ ಸರಿಯಲ್ಲ ಅಂತ ಹೇಳಿತು. ಮೇಲಿನ ಒಬ್ಬರ ಮೇಲೂ ಕೇಸ್ ಆಗಲಿಲ್ಲ.

ಆದರೂ ಚುನಾಯಿತರೇ ಕೂತು ತಮ್ಮ ಸರ್ಕಾರದ ಹಿಂಸೆಯ ವಿವರ ಬರೆದು ಜನರ ಮುಂದೆ ಇಟ್ಟರಲ್ಲ, ಅಷ್ಟಾದರೂ ನಮ್ಮಲ್ಲಿ ಎಲ್ಲಿ ಆಗಿದೆ?

ಗುಮ್ಮಟದ_ನೆರಳು (ವಿಜಯಪುರ):

ಆಗಿದೆ ತಮ್ಮಾ, ಪೂರ್ತಿ ಅಲ್ಲ. ನನಗೆ ಎಪ್ಪತ್ತು ದಾಟಿದೆ, ತುರ್ತು ಪರಿಸ್ಥಿತಿ ನೋಡಿದವನು, ಸ್ವಲ್ಪ ಉದ್ದ ಆದರೆ ಬೇಸರ ಮಾಡಿಕೊಳ್ಳಬೇಡಿ.

ಕೇರಳದ ರಾಜನ್ ಕೇಸ್ ಇವತ್ತಿನ ಹುಡುಗರು ಓದಲೇಬೇಕು. ಕ್ಯಾಲಿಕಟ್ ಎಂಜಿನಿಯರಿಂಗ್ ಕಾಲೇಜಿನ ಹುಡುಗ. 1976ರ ಮಾರ್ಚ್ 1ರಂದು ಪೊಲೀಸರು ಎತ್ತಿಕೊಂಡು ಹೋಗಿ ಕಕ್ಕಯಂ ಕ್ಯಾಂಪಿನಲ್ಲಿ ಇಟ್ಟರು. ಬೆಂಚಿನ ಮೇಲೆ ಮಲಗಿಸಿ ತೊಡೆ ಮೇಲೆ ಒನಕೆಯಂಥ ದಪ್ಪ ಮರ ಉರುಳಿಸುವುದು ಅಲ್ಲಿನ ಪದ್ಧತಿ. ಹುಡುಗ ಸತ್ತ. ತಂದೆ ಈಚರ ವಾರಿಯರ್ ಮೇಷ್ಟ್ರು. ಮಗ ಎಲ್ಲಿ ಅಂತ ಗೃಹಮಂತ್ರಿ ಕೆ. ಕರುಣಾಕರನ್ ಮನೆ ಬಾಗಿಲಿಗೂ ಹೋದರು. ತುರ್ತು ಪರಿಸ್ಥಿತಿ ಮುಗಿದ ಮೇಲೆ ಹೇಬಿಯಸ್ ಕಾರ್ಪಸ್, ಅಂದರೆ ಹಿಡಿದವನನ್ನು ಕೋರ್ಟಿನ ಮುಂದೆ ತನ್ನಿ ಅನ್ನುವ ಅರ್ಜಿ, ಹಾಕಿದರು. ಅಷ್ಟು ಹೊತ್ತಿಗೆ ಕರುಣಾಕರನ್ ಮುಖ್ಯಮಂತ್ರಿ. ಆ ಹುಡುಗನನ್ನು ನಾವು ಹಿಡಿದೇ ಇಲ್ಲ ಅಂತ ಕೋರ್ಟಿಗೆ ಅಫಿಡವಿಟ್ ಕೊಟ್ಟರು. ಹಿಡಿದದ್ದು ನಿಜ ಅಂತ ಹೈಕೋರ್ಟ್ ಹೇಳಿತು. 1977ರ ಏಪ್ರಿಲ್ 25ಕ್ಕೆ, ಅಧಿಕಾರ ಹಿಡಿದು ಒಂದು ತಿಂಗಳಿಗೆ, ಕರುಣಾಕರನ್ ರಾಜೀನಾಮೆ ಕೊಡಬೇಕಾಯಿತು. ಹುಡುಗನ ದೇಹ ಮಾತ್ರ ಸಿಗಲೇ ಇಲ್ಲ.

ನೋಡಿ ಡೋಣಿಯವರೇ, ಕರುಣಾಕರನ್ ಕೈಯಲ್ಲಿ ಮರ ಹಿಡಿದು ಉರುಳಿಸಿರಲಿಲ್ಲ. ಕುರ್ಚಿ ಹೋಗಿದ್ದು ಆಮೇಲಿನ ಸುಳ್ಳಿಗೆ. ಮಂತ್ರಿಗಳನ್ನು ಹಿಡಿಯುವುದು ಅಲ್ಲೇ. ಮೊದಲ ಏಟು ಅವರಿಗೆ ಗೊತ್ತಿಲ್ಲದೆ ಬಿದ್ದಿರಬಹುದು. ಮರುದಿನ ಬೆಳಗ್ಗೆ ಗೊತ್ತಾಗುತ್ತೆ ಅಲ್ವಾ? ಆಗ ಸದನದಲ್ಲಿ ಏನು ಹೇಳಿದರು, ಕೋರ್ಟಿಗೆ ಏನು ಬರೆದುಕೊಟ್ಟರು, ವಕೀಲರು ಹೇಳಿದ ಆ ಮಂಜೂರಾತಿ ಫೈಲಿಗೆ ಏನು ಮಾಡಿದರು, ಅದೆಲ್ಲ ಅವರದೇ ಕೆಲಸ. ಅದಕ್ಕೆ ಪೇದೆಯನ್ನು ತೋರಿಸುವ ಹಾಗಿಲ್ಲ. ರಾಜೀನಾಮೆಯಿಂದ ಎಲ್ಲ ಸರಿಹೋಯಿತು ಅಂತಲೂ ಅಲ್ಲ, 1981ರಲ್ಲಿ ಅದೇ ಕರುಣಾಕರನ್ ಮತ್ತೆ ಮುಖ್ಯಮಂತ್ರಿ ಆದರು, ಜನ ಮರೆತರು.

ನಮ್ಮ ಕರ್ನಾಟಕದ್ದು ಇನ್ನೂ ಕಡೆ. 1976ರಲ್ಲಿ ತಲೆಮರೆಸಿಕೊಂಡಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಎಲ್ಲಿ ಅಂತ ಹೇಳಿಸಲು ಅವರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಹಿಡಿದು ನಡೆಯಲಾಗದ ಹಾಗೆ ಹೊಡೆದರು. ನಟಿ ಸ್ನೇಹಲತಾ ರೆಡ್ಡಿ ಅವರನ್ನು ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಇಟ್ಟರು, ಆಸ್ತಮಾ ಇತ್ತು, ಸರಿಯಾದ ಚಿಕಿತ್ಸೆ ಇಲ್ಲ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು, ಕೆಲವೇ ದಿನಕ್ಕೆ ತೀರಿಕೊಂಡರು. ಅದಕ್ಕೆ ಇಲ್ಲಿ ಯಾವ ಮಂತ್ರಿಯ ಕುರ್ಚಿಯೂ ಅಲುಗಲಿಲ್ಲ.

ಟಿಳಕವಾಡಿ_ಸವಿತಾ:

ಹಿರಿಯರಿಗೆ ಧನ್ಯವಾದ. ಹಿಂಡಲಗಾದ ಇನ್ನೊಂದು ವಿಷಯ ನೆನಪಾಯಿತು. 2013ರ ಫೆಬ್ರವರಿಯಲ್ಲಿ ವೀರಪ್ಪನ್ ಕಡೆಯವರು ನಾಲ್ವರ ಕ್ಷಮಾದಾನ ಅರ್ಜಿ ತಿರಸ್ಕಾರ ಆಯಿತು. ಅವರು ಇದ್ದದ್ದು ಇಲ್ಲೇ, ಹಿಂಡಲಗಾದಲ್ಲಿ. ನಾನಾಗ ಚಿಕ್ಕವಳು. ಯಾವತ್ತು ಗಲ್ಲು ಅಂತ ಊರೆಲ್ಲ ಅದೇ ಮಾತು. 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿಗೆ ಇಳಿಸಿತು. ಆ ನಾಲ್ವರ ಬಗ್ಗೆ ಅಷ್ಟು ಸುದ್ದಿ ಬಂತು. ಅದೇ ವೀರಪ್ಪನ್ ಬೇಟೆಯಲ್ಲಿ ಎಸ್‌ಟಿಎಫ್ (ಅವನನ್ನು ಹಿಡಿಯಲು ಎರಡು ರಾಜ್ಯ ಮಾಡಿದ್ದ ವಿಶೇಷ ಪೊಲೀಸ್ ಪಡೆ) ಕೈಯಲ್ಲಿ ನರಳಿದ ಹಳ್ಳಿಯವರ ಬಗ್ಗೆ ನಾನು ಓದಿದ್ದು ಲಾ ಕಾಲೇಜಿಗೆ ಬಂದ ಮೇಲೆ. ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಮಾಡಿತು. ಮಾದೇಶ್ವರ ಬೆಟ್ಟದ ‘ವರ್ಕ್‌ಶಾಪ್’ ಅನ್ನುವ ಜಾಗದಲ್ಲಿ ಕರೆಂಟ್ ಶಾಕ್ ಕೊಟ್ಟದ್ದು, ಮೇಲಕ್ಕೆ ಕಟ್ಟಿ ನೇತುಹಾಕಿದ್ದು, ಹೆಂಗಸರಿಗೆ ಮಾಡಿದ್ದು ಎಲ್ಲ ಜನ ಬಂದು ಹೇಳಿದರು. 2007ರ ಜನವರಿಯಲ್ಲಿ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಅಂತ ಆಯೋಗ ಹೇಳಿತು. ಕರ್ನಾಟಕ, ತಮಿಳುನಾಡು ಎರಡು ರಾಜ್ಯಗಳ ಖಜಾನೆಯಿಂದ. ಅಂದರೆ ನಮ್ಮದೇ ತೆರಿಗೆ ದುಡ್ಡು. 2004ರಲ್ಲಿ ವೀರಪ್ಪನ್ ಸತ್ತಾಗ ತಮಿಳುನಾಡು ಸರ್ಕಾರ ತನ್ನ ಎಸ್‌ಟಿಎಫ್‌ನವರಿಗೆ ಬಡ್ತಿ, ಸೈಟು, ನಗದು ಕೊಟ್ಟಿತ್ತು.

ಆ ಪಡೆಗೆ ಹಣ ಕೊಟ್ಟವರು, ಬೆನ್ನು ತಟ್ಟಿದವರು ಎರಡೂ ರಾಜ್ಯದ ಮಂತ್ರಿಗಳು. ವರದಿ ಬಂದ ಮೇಲೆ ಅವರಲ್ಲಿ ಒಬ್ಬರೂ ಆ ಹಳ್ಳಿಗಳಿಗೆ ಹೋಗಿ ತಪ್ಪಾಯಿತು ಅಂತ ಹೇಳಿದ್ದು ನಾನು ಎಲ್ಲೂ ಓದಿಲ್ಲ. ಬರೆಯುವಾಗಲೇ ಸಿಟ್ಟು ಬರುತ್ತಿದೆ.

ಡೋಣಿ_ಸಾಲು:

ಹವಾಲ್ದಾರರು ಬರೆದದ್ದು ಓದಿದ ಮೇಲೆ ನಮ್ಮ ಬಂಗಾರದ ಕೇಸಿನಲ್ಲಿ ಹಿಡಿದವನ ಬಗ್ಗೆ ಯೋಚನೆ ಬಂತು, ಅವನ ಕೇಸ್ ಏನಾಯಿತು ಅಂತ ನಾವು ಕೇಳಲೇ ಇಲ್ಲ. ಆದರೂ ಸುಮ್ನೆ ಪೊಲೀಸರ ಕೈ ಕಟ್ಟಿದರೆ ಕಳ್ಳರಿಗೆ ಹಬ್ಬ, ಇದನ್ನು ನಾನು ಹೇಳುತ್ತಲೇ ಇರುತ್ತೇನೆ.

ವಕೀಲ_ನವನಗರ:

ಕೈ ಕಟ್ಟುವ ಮಾತು ಬಂತು ಅಂತ ಒಂದು ವಿಷಯ. ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ 1995ರಲ್ಲಿ ವಿಮಾನದಿಂದ ಬಂದೂಕುಗಳನ್ನು ಸುರಿದ ಕೇಸಿನ ಕಿಮ್ ಡೇವಿಯನ್ನು ಕೊಡಿ ಅಂತ ನಾವು ಡೆನ್ಮಾರ್ಕ್‌ಗೆ ಕೇಳಿದೆವು. 2011ರಲ್ಲಿ ಅಲ್ಲಿನ ಹೈಕೋರ್ಟ್ ಕೊಡಲ್ಲ ಅಂದಿತು. ಕಾರಣ, ಭಾರತದಲ್ಲಿ ಅವನಿಗೆ ಚಿತ್ರಹಿಂಸೆ ಆಗುವ ಅಪಾಯ ಇದೆ. ಹೊಡೆಯುವ ದೇಶ ಅಂತ ಹೆಸರು ಬಂದದ್ದಕ್ಕೆ ದೊಡ್ಡ ಆರೋಪಿಯೇ ಕೈತಪ್ಪಿದ. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರುದ್ಧದ ಒಪ್ಪಂದಕ್ಕೆ ನಾವು 1997ರಲ್ಲಿ ಸಹಿ ಹಾಕಿದ್ದೇವೆ, ಇನ್ನೂ ಅನುಮೋದಿಸಿಲ್ಲ. ಅದಕ್ಕೆ ಮೊದಲು ದೇಶದೊಳಗೆ ಕಾನೂನು ಬೇಕು ಅಂತ 2010ರ ಮೇ ತಿಂಗಳಲ್ಲಿ ಲೋಕಸಭೆ ಒಂದು ಮಸೂದೆ ಪಾಸ್ ಮಾಡಿತು. ಮಸೂದೆ ಬಲವಾಗಿರಲಿಲ್ಲ, ಆರು ತಿಂಗಳೊಳಗೆ ದೂರು ಕೊಡಬೇಕು ಅಂತಿತ್ತು, ಮತ್ತೆ ಅದೇ ಮಂಜೂರಾತಿ. ರಾಜ್ಯಸಭೆಯ ಸಮಿತಿ ತಿದ್ದಿಕೊಟ್ಟಿತು. 2014ರಲ್ಲಿ ಲೋಕಸಭೆ ವಿಸರ್ಜನೆ ಆಗಿ ಅದೂ ಬಿದ್ದುಹೋಯಿತು. 2017ರಲ್ಲಿ ಕಾನೂನು ಆಯೋಗ 273ನೇ ವರದಿಯಲ್ಲಿ ಹೊಸ ಮಸೂದೆಯನ್ನೇ ಬರೆದುಕೊಟ್ಟಿತು. 2019ರಲ್ಲಿ ಸುಪ್ರೀಂ ಕೋರ್ಟ್ ಇದು ಸಂಸತ್ತಿನ ಕೆಲಸ, ನಾವು ಆದೇಶ ಕೊಡಲ್ಲ ಅಂದಿತು. ಕಾಂಗ್ರೆಸ್ ಇದ್ದಾಗಲೂ ಆಗಲಿಲ್ಲ, ಬಿಜೆಪಿ ಇದ್ದಾಗಲೂ ಆಗಲಿಲ್ಲ. ನಮ್ಮ ಮೂರೂ ಜಿಲ್ಲೆಯ ಎಂಪಿಗಳು ಓಟಿಗೆ ಬಂದಾಗ ಇದೊಂದನ್ನು ಯಾರೂ ಕೇಳಿರುವುದಿಲ್ಲ.

ಸವಿತಾ ಅವರೇ, ನೀವು ಏನಾದರೂ ಮಾಡಬೇಕು ಅಂತಿದ್ದರೆ ನಿಮ್ಮ ಎಂಎಲ್‌ಎಗೋ ಎಂಎಲ್‌ಸಿಗೋ ಹೇಳಿ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಹಾಕಿಸಿ. ಗೃಹಮಂತ್ರಿ ಎದ್ದು ನಿಂತು ಬಾಯಲ್ಲೇ ಹೇಳಬೇಕಾಗುತ್ತೆ, ದಾಖಲೆಯಲ್ಲಿ ಉಳಿಯುತ್ತೆ. ‘ಕಸ್ಟಡಿ ಹಿಂಸೆ ತಡೆಯಲು ಏನು ಕ್ರಮ’ ಅಂತ ಕೇಳಬೇಡಿ, ‘ಸೂಕ್ತ ಕ್ರಮ ಕೈಗೊಳ್ಳಲಾಗಿದೆ’ ಅಂತ ಬರುತ್ತೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಕಳೆದ ಐದು ವರ್ಷದಲ್ಲಿ ಪೊಲೀಸರ ಮೇಲೆ ಕೇಸ್ ನಡೆಸಲು ಎಷ್ಟು ಮಂಜೂರಾತಿ ಅರ್ಜಿ ಬಂದವು, ಎಷ್ಟಕ್ಕೆ ಒಪ್ಪಿದಿರಿ, ಎಷ್ಟನ್ನು ತಿರಸ್ಕರಿಸಿದಿರಿ, ಪ್ರತಿ ತಿರಸ್ಕಾರಕ್ಕೆ ಸಹಿ ಯಾರದು, ಇಷ್ಟು ಕೇಳಿ. ಜೊತೆಗೆ ಸಿಸಿಟಿವಿ. 2020ರ ಡಿಸೆಂಬರ್‌ನ ಪರಮ್‌ವೀರ್ ಸಿಂಗ್ ಸೈನಿ ತೀರ್ಪಿನ ಪ್ರಕಾರ ಪ್ರತಿ ಠಾಣೆಯ ಲಾಕಪ್, ಪಡಸಾಲೆ, ಇನ್‌ಸ್ಪೆಕ್ಟರ್ ಕೋಣೆ ಎಲ್ಲ ಕಡೆ ಧ್ವನಿ ಸಮೇತ ಕ್ಯಾಮೆರಾ ಇರಬೇಕು, ದೃಶ್ಯ 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಯಬೇಕು. ಅದನ್ನು ನೋಡಿಕೊಳ್ಳಲು ಜಿಲ್ಲಾ ಸಮಿತಿ ಇದೆ, ಅದರಲ್ಲಿ ಡಿಸಿ, ಎಸ್‌ಪಿ ಜೊತೆ ಮೇಯರ್ ಅಥವಾ ಜಿಲ್ಲಾ ಪಂಚಾಯತಿ ಮುಖ್ಯಸ್ಥರೂ ಇರಬೇಕು. ಅಂದರೆ ನೀವು ಓಟು ಹಾಕಿದವರು. ಆ ಸಮಿತಿ ಯಾವ ತಾರೀಕು ಸೇರಿತ್ತು ಅಂತ ಕೇಳಿ. ತಮಿಳುನಾಡಿನ ಸಾತಾನ್‌ಕುಳಂನಲ್ಲಿ 2020ರ ಜೂನ್‌ನಲ್ಲಿ ತಂದೆ ಮಗ ಇಬ್ಬರೂ ಪೊಲೀಸರ ಹೊಡೆತಕ್ಕೆ ಸತ್ತಾಗ, ಮ್ಯಾಜಿಸ್ಟ್ರೇಟ್ ಠಾಣೆಗೇ ಹೋಗಿ ನೋಡಿದರೆ ದೃಶ್ಯಗಳು ದಿನಾ ತಾನಾಗಿಯೇ ಅಳಿಸಿಹೋಗುವ ಹಾಗೆ ಸೆಟ್ ಮಾಡಿದ್ದರು. ಗೃಹ ಖಾತೆ ಆಗ ಮುಖ್ಯಮಂತ್ರಿ ಕೈಯಲ್ಲೇ ಇತ್ತು.

ನಿವೃತ್ತ_ಹವಾಲ್ದಾರ್:

ಪ್ರಶ್ನೆಯಲ್ಲಿ ಇನ್ನೊಂದು ಸೇರಿಸಿ. ಪಿಎಸ್‌ಐ, ಇನ್‌ಸ್ಪೆಕ್ಟರ್‌ಗಳನ್ನು ಎರಡು ವರ್ಷಕ್ಕೆ ಮುಂಚೆ ಎಷ್ಟು ಜನರನ್ನು ಎತ್ತಿಹಾಕಿದಿರಿ, ಪ್ರತಿ ವರ್ಗಾವಣೆಗೆ ಯಾರ ಶಿಫಾರಸು ಪತ್ರ ಇತ್ತು ಅಂತ. ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಠಾಣಾಧಿಕಾರಿಗೆ ಎರಡು ವರ್ಷ ಅವಧಿ ಕೊಡಿ ಅಂತ ಇದೆ. ಆ ಪತ್ರಗಳು ಹೊರಬಂದರೆ ಸಂಜೆ ಫೋನ್ ಮಾಡುವವರು ಯಾರು ಅಂತ ಅರ್ಧ ಗೊತ್ತಾಗುತ್ತೆ.

ಟಿಳಕವಾಡಿ_ಸವಿತಾ:

ಮೂರನ್ನೂ ಬರೆದುಕೊಂಡೆ. ನಮ್ಮ ಕ್ಷೇತ್ರದ ಎಂಎಲ್‌ಎ ಆಫೀಸಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳುತ್ತೇನೆ. ಅವರು ಕೇಳದಿದ್ದರೆ ಇದೇ ವಿವರಕ್ಕೆ ಗೃಹ ಇಲಾಖೆಗೆ ಆರ್‌ಟಿಐ ಹಾಕುತ್ತೇನೆ. ಬಾಗಲಕೋಟೆ, ವಿಜಯಪುರದವರು ಯಾರಾದರೂ ನಿಮ್ಮ ಜಿಲ್ಲೆಗೆ ಇದನ್ನೇ ಹಾಕುತ್ತೀರಾದರೆ ಇಲ್ಲೇ ತಿಳಿಸಿ, ಒಂದೇ ನಮೂನೆ ಮಾಡೋಣ.

ಡೋಣಿ_ಸಾಲು:

ವಿಜಯಪುರದ್ದು ನಾನು ಹಾಕುತ್ತೇನೆ. ನಮೂನೆ ಕಳಿಸಿ.